ಕೂದಲನ್ನು ಹುಳ ತಿಂದಿಲ್ಲ: ಅಲೊಪೀಸಿಯ ಏರಿಯೇಟ ಬಗ್ಗೆ ತಿಳಿದಿರಲಿ

ಬೆಂಗಳೂರಿನ ಬಳೇಪೇಟೆಗೆ ಮದುವೆ ಬಳೆ ಕೊಳ್ಳಲು ಬಂದ ಹುಡುಗಿಯೊಬ್ಬಳು ತಲೆಯ ಮೇಲಿನ ಸೆರಗು ಜಾರದಂತೆ ಹಿಡಿದೇ ಕುಳಿತಿದ್ದರೆ ಅದು ನಾಚಿಕೆಯೇ ಆಗಿರಬೇಕೆಂದಿಲ್ಲ. ತಲೆಯಲ್ಲಿ ನಾಣ್ಯದಗಲ ಕೂದಲು ಉದುರಿ ಚರ್ಮ ನುಣ್ಣಗಾಗಿರಬಹುದು. ನಮ್ಮ ಜನ ಇದಕ್ಕೆ 'ಹುಳ ತಿಂದಿದೆ' ಎನ್ನುತ್ತಾರೆ. ಹುಳವೂ ಇಲ್ಲ, ಶಾಪವೂ ಇಲ್ಲ. ವೈದ್ಯರು ಇದನ್ನು ಅಲೊಪೀಸಿಯ ಏರಿಯೇಟ ಎಂದು ಕರೆಯುತ್ತಾರೆ. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಕೂದಲಿನ ಬುಡದ ಮೇಲೆ ಎರಗುತ್ತದೆ. ಆದರೆ ಬುಡ ಸಾಯುವುದಿಲ್ಲ. ಆದ್ದರಿಂದಲೇ ಒಂದೆರಡು ಕಡೆ ಮಾತ್ರ ಉದುರಿದವರಲ್ಲಿ ಅನೇಕರಿಗೆ ವರ್ಷದೊಳಗೆ ತಾನಾಗಿ ಮತ್ತೆ ಬೆಳೆಯುತ್ತದೆ, ಕೆಲವೊಮ್ಮೆ ಮೊದಲು ಬಿಳಿಯಾಗಿ.

ನೂರರಲ್ಲಿ ಸುಮಾರು ಇಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರಬಹುದು. ತಲೆ, ಹುಬ್ಬು, ರೆಪ್ಪೆ, ಮೈಕೂದಲು ಎಲ್ಲವೂ ಹೋಗುವ 'ಯೂನಿವರ್ಸಾಲಿಸ್' ರೂಪ ಮಾತ್ರ ವಿರಳ.

ಇದು ಅಂಟುವ ರೋಗವಲ್ಲ. ಮಕ್ಕಳಲ್ಲಿ ಹುಳುಕಡ್ಡಿಯಿಂದಲೂ ಕೂದಲು ಉದುರುತ್ತದೆ. ಅದು ಅಂಟುತ್ತದೆ, ಅಲ್ಲಿ ಹೊಟ್ಟು, ತುರಿಕೆ ಇರುತ್ತದೆ. ಈ ಎರಡನ್ನೂ ಒಂದೇ ಎಂದುಕೊಂಡು ಮಗುವನ್ನು ಬೆಂಚಿನ ತುದಿಗೆ ತಳ್ಳುವುದು ಅನ್ಯಾಯ. ಶಿಕ್ಷಕರು ಮಗುವಿಗೆ ಟೋಪಿ ಹಾಕಲು ಬಿಟ್ಟರೆ ಅದೇ ದೊಡ್ಡ ಉಪಕಾರ.

ಬೆಳ್ಳುಳ್ಳಿ ಅರೆದು ಉಜ್ಜಿ ಚರ್ಮ ಸುಟ್ಟುಕೊಳ್ಳುವ ಮುನ್ನ ಚರ್ಮರೋಗ ತಜ್ಞರನ್ನು ಕಾಣಿರಿ. ಬಳೇಪೇಟೆಯವರಿಗೆ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ ಹತ್ತಿರವೇ ಇದೆ. ಸಣ್ಣ ಜಾಗಕ್ಕೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಥೈರಾಯ್ಡ್ ತೊಂದರೆಯೂ ಜೊತೆಗಿರಬಹುದಾದ್ದರಿಂದ ಅಗತ್ಯವಿದ್ದರೆ ರಕ್ತಪರೀಕ್ಷೆ ಮಾಡಿಸುತ್ತಾರೆ. ತೀವ್ರ ರೂಪಕ್ಕೆ ಬ್ಯಾರಿಸಿಟಿನಿಬ್ ಎಂಬ ಮಾತ್ರೆಯನ್ನು ಅಮೆರಿಕದ ಔಷಧ ನಿಯಂತ್ರಕರು 2022ರಲ್ಲಿ ಒಪ್ಪಿದರು. 12 ವರ್ಷ ದಾಟಿದವರಿಗೂ ಕೊಡಬಹುದಾದ ರಿಟ್ಲೆಸಿಟಿನಿಬ್‌ಗೆ 2023ರಲ್ಲಿ ಒಪ್ಪಿಗೆ ದೊರೆಯಿತು. ಇವು ಎಲ್ಲರಿಗೂ ಫಲ ಕೊಡುವುದಿಲ್ಲ, ನಿಲ್ಲಿಸಿದರೆ ಕೂದಲು ಮತ್ತೆ ಉದುರಬಹುದು, ಸೋಂಕಿನ ಅಪಾಯವೂ ಇದೆ. ವೈದ್ಯರ ನಿಗಾ ಇಲ್ಲದೆ ನುಂಗುವ ಮಾತ್ರೆಗಳಲ್ಲ.

ಹುಬ್ಬು, ರೆಪ್ಪೆ ಕಳೆದುಕೊಂಡವರಿಗೆ ಬೆವರು, ಧೂಳು ನೇರ ಕಣ್ಣಿಗೇ ಇಳಿಯುತ್ತವೆ. ಹೊರಗೆ ಹೋಗುವಾಗ ಕನ್ನಡಕ, ಟೋಪಿ ಇರಲಿ. ವಿಗ್ ಧರಿಸುವುದು, ಬಿಡುವುದು ಅವರವರ ಇಷ್ಟ, "ಯಾಕೆ ಹೀಗಾಯಿತು?" ಎಂದು ಅಂಗಡಿಯಲ್ಲಿ, ಬಸ್ಸಿನಲ್ಲಿ ನಿಲ್ಲಿಸಿ ಕೇಳಬೇಡಿ.