ಶಾಲೆಯ ಗಂಟೆಯೂ ದುಡಿಮೆಯ ಗಡಿಯಾರವೂ

ರಬ್ಬರು ಮರದಿಂದ ಹಾಲಿಳಿಸುವವನು ಬೆಳಗಿನ ಜಾವದಲ್ಲೇ ತೋಟಕ್ಕೆ ಹೋಗುವುದೇಕೆ? ಈ ಪ್ರಶ್ನೆಗೆ ಸಸ್ಯಶಾಸ್ತ್ರವೂ ಭೌತವಿಜ್ಞಾನವೂ ಸೇರಿ ಉತ್ತರ ಕೊಡುತ್ತವೆ. ತೊಗಟೆಯೊಳಗಿನ ಹಾಲ್ನಾಳಗಳಲ್ಲಿ ರಾತ್ರಿಯ ಹೊತ್ತು ನೀರು ತುಂಬಿಕೊಂಡು, ಅಲ್ಲಿನ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 10 ಮಡಿಯಷ್ಟಕ್ಕೆ ಏರಿರುತ್ತದೆ. ಸೂರ್ಯನು ಮೇಲೇರಿದಂತೆ ಎಲೆಗಳು ನೀರನ್ನು ಆವಿಯಾಗಿ ಹೊರಬಿಡುತ್ತವೆ; ಒತ್ತಡ ಇಳಿಯುತ್ತದೆ; ಹಾಲೂ ಕಡಮೆಯಾಗುತ್ತದೆ. ಆದುದರಿಂದ ಬೆಳಕು ಹರಿಯುವ ಮೊದಲೇ ಹಣೆಗೆ ದೀಪ ಕಟ್ಟಿಕೊಂಡು ಹೋದವನಿಗೆ ಹೆಚ್ಚು ಹಾಲು. ಅವನ ಮಗು ಎದ್ದು, ಮಿಂದು, ಚೀಲ ಹೊತ್ತು ಶಾಲೆಗೆ ಹೊರಡುವಾಗ ಅವನು ಮನೆಯಲ್ಲಿರುವುದಿಲ್ಲ ಎಂಬುದು ಇದೇ ಒತ್ತಡದ ಇನ್ನೊಂದು ಪರಿಣಾಮ. ಸಸ್ಯಶಾಸ್ತ್ರದ ಪುಸ್ತಕಗಳು ಇದನ್ನು ಬರೆಯುವುದಿಲ್ಲ.

ಉಜಿರೆ, ಮುಂಡಾಜೆಗಳನ್ನು ದಾಟಿ ಚಾರ್ಮಾಡಿ ಘಾಟಿಯತ್ತ ಸಾಗುವ ಹೆದ್ದಾರಿಯಲ್ಲಿ ಕಕ್ಕಿಂಜೆ ಸಿಗುತ್ತದೆ. ಬೆಟ್ಟದ ಬುಡದ ಈ ಊರಿನ ಸುತ್ತ ಅಡಕೆ, ರಬ್ಬರು ತೋಟಗಳು. ತುಳು, ಬ್ಯಾರಿ, ಮಲಯಾಳ, ಕೊಂಕಣಿ ಇವೆಲ್ಲ ಇಲ್ಲಿನ ಮನೆಮಾತುಗಳು. ಸರಕಾರಿ ಶಾಲೆಯ ಮಾತು ಕನ್ನಡ. ಬೆಳ್ತಂಗಡಿ, ಬಂಟವಾಳ ಕಡೆಯ ಹೆಂಗಸರ ಗೃಹೋದ್ಯೋಗವೆಂದರೆ ಬಹುಕಾಲದಿಂದ ಬೀಡಿ. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಬೇಕು. ಕೂಲಿಯ ಲೆಕ್ಕ ಸಾವಿರಕ್ಕೆ ಇಷ್ಟೆಂದು.

ಎಂಟು ಗಂಟೆಗಳಲ್ಲಿ ಸಾವಿರ ಬೀಡಿ ಕಟ್ಟುವ ತಾಯಿಯೊಬ್ಬಳನ್ನು ಊಹಿಸಿಕೊಳ್ಳೋಣ. ಒಂದು ಬೀಡಿಗೆ 29 ಸೆಕೆಂಡು ಬಿತ್ತು. ಶಾಲೆಯಿಂದ ಹೆತ್ತವರ ಸಭೆಗೆ ಕರೆ ಬಂದಿದೆ: ಬೆಳಗ್ಗೆ ಹತ್ತೂವರೆಗೆ. ಹೋಗಿ ಬರಲು ಒಂದು ಗಂಟೆ, ಸಭೆ ಎರಡು ಗಂಟೆ. ಅಂದರೆ ಆ ದಿನ 375 ಬೀಡಿ ಕಡಮೆ. ಸಂಬಳದ ಕೆಲಸದವನು ಇಂಥ ಸಭೆಗೆ ರಜೆ ಹಾಕಿ ಬರುತ್ತಾನೆ. ಈಕೆ ಕೂಲಿ ಕಳೆದುಕೊಂಡು ಬರಬೇಕು. ಬಾರದಿದ್ದರೆ ‘ಮಗುವಿನ ಓದಿನಲ್ಲಿ ಆಸಕ್ತಿಯಿಲ್ಲ’ ಎಂಬ ಮಾತು ಬೇರೆ. ಹಾಜರಿಪಟ್ಟಿಯಿಂದ ಆಸಕ್ತಿಯನ್ನು ಅಳೆಯುವುದು ತಕ್ಕಡಿಯಿಂದ ಉಷ್ಣತೆಯನ್ನು ಅಳೆದಂತೆ. ಉಪಕರಣದಲ್ಲಿ ದೋಷವಿಲ್ಲ, ಅದು ಅಳೆಯುವ ವಸ್ತುವೇ ಬೇರೆ.

ಕಾನೂನಂತೂ ಹೆತ್ತವರನ್ನು ಮರೆತಿಲ್ಲ. ಕರ್ನಾಟಕ ಸರಕಾರವು 2001ರಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಏರ್ಪಡಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ವಿಧಿ ಸರಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೋ ಪೋಷಕರೋ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕು ಎನ್ನುತ್ತದೆ. ಸಭೆ ಎಷ್ಟು ಗಂಟೆಗೆ ಎಂಬುದನ್ನು ಯಾವ ಕಾಯಿದೆಯೂ ಹೇಳಲಾರದು. ಆದರೆ ಯಾರು ಬಂದಾರು ಎಂಬುದನ್ನು ನಿರ್ಧರಿಸುವುದು ಅದೇ.

ಹೆತ್ತವರ ಪಾಲು ನಿಜಕ್ಕೂ ಅಷ್ಟು ಮುಖ್ಯವೆ? 1966ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಮತ್ತು ಸಂಗಡಿಗರು ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ವರದಿಯೊಂದನ್ನು ಹೊರತಂದರು. ಕಟ್ಟಡ, ಪುಸ್ತಕ, ಪ್ರಯೋಗಶಾಲೆಗಳ ವ್ಯತ್ಯಾಸಕ್ಕಿಂತ ಮನೆಯ ಹಿನ್ನೆಲೆಯ ವ್ಯತ್ಯಾಸವೇ ಮಕ್ಕಳ ಕಲಿಕೆಯೊಡನೆ ಹೆಚ್ಚು ಹೊಂದಿಕೊಂಡಿತ್ತು. ಆದರೆ ಹೊಂದಿಕೆ ಬೇರೆ, ಕಾರಣ ಬೇರೆ. ಓದಿದ ತಾಯಿಯ ಮನೆಯಲ್ಲಿ ಹಣವೂ ಇರಬಹುದು, ಪುಸ್ತಕವೂ ಇರಬಹುದು, ಬಿಡುವೂ ಇರಬಹುದು. ಯಾವುದರ ಫಲ ಯಾವುದೆಂದು ತಿಳಿಯಲು, ಪ್ರಯೋಗಶಾಲೆಯಲ್ಲಿ ಮಾಡುವಂತೆ, ಒಂದನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೆಯೇ ಇರಿಸಬೇಕು. ಊರುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರೆ ಇದು ಸಾಧ್ಯ.

ಬಿಹಾರ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಇಂಥ ಪ್ರಯೋಗ ನಡೆದು, 2017ರಲ್ಲಿ ಅದರ ಫಲ ಪ್ರಕಟವಾಯಿತು. ಕೆಲವು ಹಳ್ಳಿಗಳಲ್ಲಿ ತಾಯಂದಿರಿಗೆ ಅಕ್ಷರಾಭ್ಯಾಸ. ಕೆಲವು ಕಡೆ ಮಗುವಿನೊಡನೆ ಮನೆಯಲ್ಲೇ ಮಾಡಬಲ್ಲ ಚಟುವಟಿಕೆಗಳು. ಇನ್ನು ಕೆಲವು ಕಡೆ ಎರಡೂ. ಎರಡೂ ದೊರೆತ ಮಕ್ಕಳ ಗಣಿತದ ಅಂಕ 0.07 ಮಾನಕ ವಿಚಲನೆಯಷ್ಟು ಏರಿತು. ಅಂಕಗಳ ಮಾನಕ ವಿಚಲನೆ 15 ಇರುವ ತರಗತಿಯಲ್ಲಿ ಇದು ಸುಮಾರು ಒಂದು ಅಂಕ! ಕೇಳಿ ನಿರಾಶರಾಗಬಹುದು. ನನಗೆ ಇದು ಪ್ರಾಮಾಣಿಕವಾದ ಸಂಖ್ಯೆಯೆಂದು ತೋರುತ್ತದೆ. ಹೆತ್ತವರು ಮನಸ್ಸು ಮಾಡಿದರೆ ಎಲ್ಲವೂ ಸರಿಹೋಗುತ್ತದೆಂದು ಭಾಷಣ ಮಾಡುವವರು ಇದನ್ನು ನೋಡಬೇಕು. ಪಾಠ ಕಲಿಸುವ ಭಾರ ಶಾಲೆಯದೇ.

ಬೋಟ್ಸ್‌ವಾನಾ ದೇಶದಿಂದ ಬಂದ ಇನ್ನೊಂದು ಫಲಿತಾಂಶ ಹೆಚ್ಚು ಸ್ವಾರಸ್ಯದ್ದು. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದಾಗ, ಒಂದು ಗುಂಪಿನ ಮನೆಗಳಿಗೆ ವಾರಕ್ಕೊಮ್ಮೆ ಲೆಕ್ಕಗಳುಳ್ಳ ಲಿಖಿತ ಸಂದೇಶವನ್ನು ಮಾತ್ರ ಕಳುಹಿಸಿದರು. ಇನ್ನೊಂದು ಗುಂಪಿಗೆ ಸಂದೇಶದ ಜೊತೆಗೆ, ಕಾಲು ಗಂಟೆಗೆ ತುಸು ಹೆಚ್ಚೆನ್ನಬಹುದಾದ ದೂರವಾಣಿ ಕರೆ. ಕರೆಯುಳ್ಳ ಗುಂಪಿನ ಮಕ್ಕಳು 0.12 ಮಾನಕ ವಿಚಲನೆಯಷ್ಟು ಮುಂದೆ ಬಂದರು. ಬರಿಯ ಸಂದೇಶದಿಂದ ಗಣನೀಯ ಫಲ ಕಾಣಲಿಲ್ಲ. ನಮ್ಮ ಶಾಲೆಗಳ ವಾಟ್ಸಾಪ್ ಗುಂಪುಗಳಿಗೆ ದಿನವೂ ಬಂದು ಬೀಳುವ ಸೂಚನೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇಲ್ಲಿ ಬೀಡಿಯ ಮೊರದತ್ತ ಮತ್ತೆ ತಿರುಗೋಣ. ಆ ತಾಯಿಯ ಕೈಗೂ ಕಣ್ಣಿಗೂ ಬಿಡುವಿಲ್ಲ. ಬಾಯಿಗೂ ಕಿವಿಗೂ ಇದೆ. ಅಂಗಳದಲ್ಲಿ ಕುಳಿತು ಅಡಕೆ ಸುಲಿಯುವವರದೂ ಇದೇ ಸ್ಥಿತಿ. ಮಗು ಪಕ್ಕದಲ್ಲಿ ಕುಳಿತು ಶಾಲೆಯಲ್ಲಿ ನಡೆದುದನ್ನು ಹೇಳಬಹುದು, ಪಾಠವನ್ನು ಗಟ್ಟಿಯಾಗಿ ಓದಬಹುದು, ತಾಯಿ ‘ಆಮೇಲೆ?’ ಎಂದು ಕೇಳಬಹುದು. ಇಪ್ಪತ್ತೈದರ ಕಟ್ಟುಗಳು ಎಷ್ಟಾದರೆ ಸಾವಿರವೆಂಬುದೂ ಲೆಕ್ಕವೇ. ಆಕೆಗೆ ಕನ್ನಡ ಓದಲು ಬಾರದೆಂಬುದು ಅಡ್ಡಿಯಲ್ಲ. ಮನೆಮಾತಿನಲ್ಲಿ ವಿವರಿಸಿ ಹೇಳಬಲ್ಲ ಮಗು ತಾನು ಓದಿದ್ದನ್ನು ತಿಳಿದುಕೊಂಡಿದೆ ಎಂದೇ ಅರ್ಥ. ಕಲಿಕೆಯ ಆರಂಭಕ್ಕೆ ತಾಯ್ನುಡಿಯೇ ತಕ್ಕುದೆಂದು 1953ರಲ್ಲಿ ಯುನೆಸ್ಕೋ ಸಂಸ್ಥೆಯೂ ಹೇಳಿದೆ. ಆದರೆ ಮಗು ಕೈ ಹಚ್ಚಿ ನೂಲು ಕಟ್ಟಲು ತೊಡಗಕೂಡದು. ಹೊಗೆಸೊಪ್ಪಿನ ಧೂಳು ಉಸಿರಿಗೂ ಚರ್ಮಕ್ಕೂ ಕೆಟ್ಟದ್ದು. ಮೊರವು ಗಾಳಿಯಾಡುವ ಜಗಲಿಯಲ್ಲಿರಲಿ, ಮಗು ಗಾಳಿ ಬರುವ ಕಡೆ ಕುಳಿತಿರಲಿ.

ಇನ್ನು ರಬ್ಬರು ತೋಟದ ತಂದೆ. ಹಾಲು ಸಂಗ್ರಹಿಸಿ, ಆಮ್ಲ ಬೆರೆಸಿ ಹೆಪ್ಪುಗಟ್ಟಿಸಿ, ಹಾಳೆ ಒತ್ತಿ ಮುಗಿಸುವಾಗ ಮಧ್ಯಾಹ್ನವಾಗುತ್ತದೆ. ಸಂಜೆ ನಾಲ್ಕರ ಸಭೆಗೆ ಅವನು ಬರಬಲ್ಲ, ಹತ್ತೂವರೆಗೆ ಬರಲಾರ. ಮರಗಳಿಗೆ ಪ್ಲಾಸ್ಟಿಕ್ಕಿನ ಮಳೆಗವಚ ಕಟ್ಟದ ತೋಟಗಳಲ್ಲಿ ಜೋರು ಮಳೆಯ ದಿನ ಕೆಲಸವೇ ಇಲ್ಲ. ಜೂನಿನಲ್ಲಿ ಶಾಲೆ ತೆರೆದು ಮೊದಲ ಸಭೆ ಸೇರುವ ಹೊತ್ತಿಗೆ ಘಾಟಿಯ ಬುಡದಲ್ಲಿ ಅಂಥ ದಿನಗಳು ಹಲವು. ತರಗತಿಯ ಹೆತ್ತವರಲ್ಲಿ ಯಾರು ಯಾವ ಹೊತ್ತಿಗೆ ಕೆಲಸ ಬಿಡುತ್ತಾರೆಂದು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಲು ಉಪಾಧ್ಯಾಯರಿಗೆ ಒಂದು ಗಂಟೆ ಸಾಕು. ಊರಿನ ಕಾಲೇಜು ವಿದ್ಯಾರ್ಥಿಗಳೂ ಆ ಕೆಲಸವನ್ನು ಮಾಡಿಕೊಡಬಹುದು.