ಮಾತ್ರೆಯ ಜೊತೆ ನಾಲ್ಕು ಮಾತೂ ಬೇಕು



ಶಿವನಿ ಸುತ್ತಿನ ಹಳ್ಳಿಗಳಲ್ಲಿ ಜ್ವರ, ಮೈಕೈ ನೋವು ಬಂದರೆ ನಾವು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಈರುಳ್ಳಿ ಕೀಳುವ ದಿನಗಳಲ್ಲಿ ಕೂಲಿ ಬಿಟ್ಟು ಅಜ್ಜಂಪುರಕ್ಕೋ ಬೀರೂರಿಗೋ ಡಾಕ್ಟರ ಹತ್ತಿರ ಹೋಗುವುದು ಸುಲಭವಲ್ಲ. ಆದ್ದರಿಂದ ಔಷಧಿ ಅಂಗಡಿಯ ಸೇವೆ ಹೇಗಿರಬೇಕು ಎಂದು ನಾವು ತಿಳಿದಿರಬೇಕು.

"ರೇಟು ಕಮ್ಮಿ ಇರಬೇಕು, ಬೇಗ ಕೊಡಬೇಕು, ಅಷ್ಟೇ" ಅಂತ ನಾವು ಹೇಳುವುದುಂಟು. ಬೆಲೆ ಮುಖ್ಯ, ನಿಜ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಕೇಂದ್ರಗಳಲ್ಲಿ ಅನೇಕ ಔಷಧಿಗಳು ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ತೆಗೆದುಕೊಳ್ಳುವ ಕ್ರಮ ಗೊತ್ತಿಲ್ಲದಿದ್ದರೆ ಕೊಟ್ಟ ದುಡ್ಡು ದಂಡ. ಶುಗರಿನ ಮೆಟ್‌ಫಾರ್ಮಿನ್ ಮಾತ್ರೆ ಊಟದ ಜೊತೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ತಲೆಸುತ್ತು ನಿಂತಿತು ಅಂತ ಬಿ.ಪಿ. ಮಾತ್ರೆ ಬಿಟ್ಟರೆ, ಒತ್ತಡ ಗೊತ್ತಾಗದಂತೆ ಏರಿ ಲಕ್ವ ಹೊಡೆಯಬಹುದು.

ಇದನ್ನು ತಾಳ್ಮೆಯಿಂದ ಹೇಳುವ, ಕಾಯಿಲೆಯ ಹೆಸರನ್ನು ಎಲ್ಲರೆದುರು ಕೂಗದ, ಓದು ಬಾರದ ಅಜ್ಜಿಗೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದು ಕೊಡುವ ಅಂಗಡಿಯಿಂದ ರೋಗಿ ಸಮಾಧಾನವಾಗಿ ಮನೆಗೆ ಬರುತ್ತಾರೆ. ಇದು ಅವರು ಮಾಡುವ ಉಪಕಾರವಲ್ಲ. ಫಾರ್ಮಸಿಸ್ಟ್ ಚೀಟಿ ಪರಿಶೀಲಿಸಿ ರೋಗಿಗೆ ತಿಳಿಹೇಳಬೇಕೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳೇ ಹೇಳುತ್ತವೆ.

ನಮ್ಮನ್ನು ಮೋಸಗೊಳಿಸುವ ಸಮಾಧಾನವೂ ಒಂದಿದೆ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಟ್ಟವರು "ಒಳ್ಳೇವ್ರು", ಕೊಡಲ್ಲ ಅಂದವರು "ಗತ್ತಿನವ್ರು" ಅಂತೀವಿ. ಬೇಡದ ಆಂಟಿಬಯೋಟಿಕ್ ನುಂಗುತ್ತಾ ಹೋದರೆ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ. ನಾಳೆ ಮಗುವಿಗೆ ನ್ಯುಮೋನಿಯಾ ಬಂದಾಗ ಅದೇ ಔಷಧಿ ಕೆಲಸ ಮಾಡದೆ ಹೋಗಬಹುದು. ಅದಕ್ಕೇ 2014ರಿಂದ ಹೆಚ್1 ಪಟ್ಟಿಯ ಔಷಧಿ ಮಾರಿದರೆ ರೋಗಿಯ ಮತ್ತು ಡಾಕ್ಟರ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕೆಂಬ ನಿಯಮವಿದೆ. "ಚೀಟಿ ತನ್ನಿ" ಎನ್ನುವವರು ನಮ್ಮ ಹಿತೈಷಿಗಳು.

ಅಂಗಡಿಯಲ್ಲಿ ಸಂಕೋಚಪಡದೆ ಕೇಳಿ:

1. ಎಷ್ಟು, ಯಾವಾಗ? ಊಟಕ್ಕೆ ಮೊದಲೋ, ಆಮೇಲೋ?
2. ಎಷ್ಟು ದಿನ ತೆಗೆದುಕೊಳ್ಳಬೇಕು?
3. ತುರಿಕೆ, ವಾಂತಿ ಏನಾದರೂ ಆದರೆ ಏನು ಮಾಡಬೇಕು?
4. ಅವಧಿ ಮುಗಿಯುವ ತಾರೀಕು ಎಲ್ಲಿದೆ? ಬಿಲ್ಲು ಕೊಡಿ.

ಮುಂದಿನ ಸಂಘದ ಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಎಲ್ಲರಿಂದಲೂ ಹೇಳಿಸಿ. ಓದು ಬಾರದ ಹಿರಿಯರು ಔಷಧಿ ತರಲು ಹೊರಟರೆ ನಮ್ಮಲ್ಲೊಬ್ಬರು ಜೊತೆಗೆ ಹೋಗೋಣ. ಅದೂ ಒಂದು ಸೇವೆಯೇ.