ಹೆಸರು ಬರೆದ ಹುಡುಗರು, ಅಕ್ಷರ ಊದಿಸಿದ ಹುಡುಗ

1971ರ ಜುಲೈನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಒಬ್ಬ ಹುಡುಗನ ಬಗ್ಗೆ ಬರೆಯಿತು. ಅವನು ಮಾಡಿದ್ದಿಷ್ಟೇ: ಕೆಲಸದ ಮೇಲೆ ಊರು ಸುತ್ತುವಾಗ ಹೋದಲ್ಲೆಲ್ಲ ‘ಟಾಕಿ 183’ ಎಂದು ಗೀಚಿದ್ದು. ಟಾಕಿ ಅವನ ಅಡ್ಡಹೆಸರು. 183 ಅವನ ಬೀದಿಯ ಸಂಖ್ಯೆ. ಸುದ್ದಿ ಬಂದದ್ದೇ ತಡ, ನೂರಾರು ಹುಡುಗರು ಮಾರ್ಕರ್ ಹಿಡಿದರು. ಗೋಡೆ, ಸುರಂಗ ರೈಲಿನ ಬೋಗಿ ಎಲ್ಲೆಲ್ಲೂ ಹೆಸರುಗಳೇ. ಎಲ್ಲರೂ ಬರೆದ ಮೇಲೆ ಯಾರ ಹೆಸರೂ ಕಣ್ಣಿಗೆ ಬೀಳದಾಯಿತು! ಎಷ್ಟು ಕಡೆ ಬರೆದೆ ಎಂಬುದಕ್ಕಿಂತ ಹೇಗೆ ಬರೆದೆ ಎಂಬುದು ಮುಖ್ಯವಾದದ್ದು ಆಗಲೇ.

ಬ್ರಾಂಕ್ಸ್ ಪ್ರದೇಶದ ಹದಿಹರೆಯದ ಹುಡುಗನೊಬ್ಬ ‘ಫೇಸ್ 2’ ಎಂದು ಹೆಸರಿಟ್ಟುಕೊಂಡಿದ್ದ. 1972ರಲ್ಲಿ ಆತ ಅಕ್ಷರಗಳನ್ನು ಬಲೂನಿನಂತೆ ಊದಿಸಿ ಬರೆದ. ‘ಸಾಫ್ಟೀ’ ಎಂಬ ಈ ದುಂಡು ಅಕ್ಷರ ಎಲ್ಲರ ಕೈಗೂ ಹತ್ತಿತು. ಬೇರೆಯವನಾಗಿದ್ದರೆ ಅದರಲ್ಲೇ ಜೀವನ ಕಳೆಯುತ್ತಿದ್ದನೇನೋ. ಈತ ಸಾಫ್ಟೀಯನ್ನೇ ಹತ್ತಾರು ಬಗೆಯಲ್ಲಿ ಎಳೆದು ನೋಡಿದ. ಬಾಣ ಸಿಕ್ಕಿಸಿದ, ಅಕ್ಷರಕ್ಕೆ ಅಕ್ಷರ ಹೆಣೆದ. ಕೊನೆಗೆ ಓದಲಾಗದ, ಆದರೂ ಅವನದೇ ಎಂದು ಗುರುತಿಸಬಹುದಾದ ಆಕಾರಗಳಿಗೆ ಬಂದು ನಿಂತ. 2019ರಲ್ಲಿ ತೀರಿಕೊಳ್ಳುವವರೆಗೂ ‘ಗ್ರಾಫಿಟಿ’ ಎಂಬ ಪದ ಅವನಿಗೆ ಹಿಡಿಸಲೇ ಇಲ್ಲ.

ಧೈರ್ಯವೆಂದರೆ ರಾತ್ರಿ ರೈಲು ಡಿಪೋಕ್ಕೆ ನುಗ್ಗುವುದು ಎಂದುಕೊಂಡ ಹುಡುಗರೂ ಇದ್ದರು. ವಿದ್ಯುತ್ ಹರಿಯುವ ಹಳಿ, ಬೆನ್ನಟ್ಟುವ ಪೋಲೀಸರು; 1972ರಲ್ಲೇ ನಗರ ಕಾನೂನನ್ನೂ ತಂದಿತ್ತು. ತಂದೆತಾಯಿ ಹೆದರಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಶೈಲಿ ಹುಟ್ಟುತ್ತಿದ್ದುದು ಹಳಿಯ ಮೇಲಲ್ಲ, ‘ಬ್ಲ್ಯಾಕ್‌ಬುಕ್’ ಎನ್ನುವ ನೋಟ್‌ಬುಕ್ಕಿನಲ್ಲಿ. ಒಂದೇ ‘ಎಸ್’ ಅಕ್ಷರವನ್ನು ಪುಟಗಟ್ಟಲೆ ಕೆಡಿಸಿ, ಕೆಡಿಸಿದ್ದರಲ್ಲೇ ಒಂದು ತಿರುವನ್ನು ಆರಿಸಿಕೊಳ್ಳುತ್ತಿದ್ದರು. ಸ್ಪ್ರೇ ಡಬ್ಬಿ ಹತ್ತಿರ ಹಿಡಿದರೆ ಗೆರೆ ಚೂಪು, ದೂರ ಹಿಡಿದರೆ ಮಂಜು. ಕೈ ಒಂದು ಕ್ಷಣ ನಿಂತರೆ ಬಣ್ಣ ಸೋರುತ್ತದೆ. ಬೇರೆ ಡಬ್ಬಿಯ ಮೂತಿ ಕಿತ್ತು ಇದಕ್ಕೆ ಸಿಕ್ಕಿಸಿ ದಪ್ಪ ಗೆರೆ ತೆಗೆದದ್ದೂ ಪ್ರಯೋಗವೇ. ಗುರುವಿನ ಕೈ ನೋಡಿ ಕಲಿಯುವುದಕ್ಕೆ ಅಡ್ಡಿಯಿರಲಿಲ್ಲ. ಕದ್ದು ತನ್ನದೆಂದು ಮೆರೆದವನಿಗೆ ಮಾತ್ರ ಮರ್ಯಾದೆಯಿಲ್ಲ.

1980ರಲ್ಲಿ ಫ್ಯೂಚುರಾ ಎಂಬಾತ ಇಡೀ ಬೋಗಿಯ ಮೇಲೆ ಬರೀ ಬಣ್ಣದ ಮೋಡ ಹರಡಿ, ಅಕ್ಷರವನ್ನೇ ಹಿಂದಕ್ಕೆ ಸರಿಸಿದ. ಹುಡುಗರ ಈ ಗುಂಪಿನಲ್ಲಿ ಲೇಡಿ ಪಿಂಕ್ ಎಂಬ ಹುಡುಗಿಯೂ ತನ್ನ ದಾರಿ ಮಾಡಿಕೊಂಡಳು.

1989ರ ಮೇ ತಿಂಗಳಲ್ಲಿ ಬಣ್ಣ ಬಳಿದ ಕಡೆಯ ರೈಲನ್ನು ಸೇವೆಯಿಂದ ತೆಗೆದರು. ಮಾರ್ತಾ ಕೂಪರ್, ಹೆನ್ರಿ ಚಾಲ್ಫೆಂಟ್ ತೆಗೆದ ಚಿತ್ರಗಳು ಅಷ್ಟರಲ್ಲಿ, 1984ರಲ್ಲೇ, ‘ಸಬ್‌ವೇ ಆರ್ಟ್’ ಪುಸ್ತಕವಾಗಿ ಬಂದಿದ್ದವು. ಅದನ್ನು ಮುಂದಿಟ್ಟುಕೊಂಡೇ ಯೂರೋಪಿನ ಹುಡುಗರು ಕೈ ತಿದ್ದಲು ಕೂತರು.